ಕಲಾವತಿಯ ಬಾಯಲ್ಲಿ ಬಂದದ್ದು

ನನ್ನ ತಮ್ಮ ದತ್ತಾನ ಹೆಂಡತಿ ಕಲಾವತಿಯನ್ನು ನೀವು ಅಂಕೋಲಾ ಮೀನುಪೇಟೆಯಲ್ಲಿ ನೋಡಿರಬಹುದು. ನನ್ನ ಪಕ್ಕದಲ್ಲೇ ಕೂರ್ತಾಳೆ. ನಾನು ಬಾಯಿ ಮಾಡಿ ಮೀನು ಮಾರುವವಳು, ಅವಳು ಬಾಯಿ ಬಿಡದೆ ಮಾರುವವಳು. ಬಿಟ್ಟರೂ ನಷ್ಟಕ್ಕೇ. ಗಿರಾಕಿ ಬಂಗಡೆಯ ಕಿವಿರು ಎತ್ತಿ ನೋಡುವ ಮೊದಲೇ "ಇದು ನಿನ್ನೇದು, ಬೇಡ" ಅಂತ ಹೇಳಿಬಿಡ್ತಾಳೆ. "ಕೇಳದಿದ್ರೆ ಸುಮ್ಮನಿರೇ ಮಾರಾಯ್ತಿ! ನೀ ಗಿರಾಕಿ ಕರೂಕೆ ಕೂತದ್ದೋ, ಓಡ್ಸೂಕೆ ಕೂತದ್ದೋ?" ಅಂತ ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

2006ರ ಆಗಸ್ಟಿನಲ್ಲಿ ದತ್ತಾನ ದೋಣಿ ಮಗುಚಿತು. ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದರು. ದತ್ತಾ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಒಂದು ತಿಂಗಳು ಕಾದ ಮೇಲೆ ಊರ ಹಿರಿಯರು, ದರ್ಭೆಯಲ್ಲಿ ಅವನ ಆಕಾರ ಮಾಡಿ ಸುಟ್ಟು ಕಾರ್ಯ ಮುಗಿಸಿ ಅಂದರು. ನಾನು ಒಪ್ಪಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು. ಯಾವುದೋ ದೊಡ್ಡ ಬೋಟಿನವರು ಎತ್ತಿಕೊಂಡು ಹೋಗಿರಬಹುದಲ್ಲ? ಜೀವ ಇದ್ದವನಿಗೆ ಪಿಂಡ ಇಡೂದಾ?

ಅಷ್ಟರಲ್ಲಿ ಕಲಾವತಿ ಪ್ರತಿ ಭಾನುವಾರ ಕಾರವಾರದ ಬಸ್ಸು ಹತ್ತತೊಡಗಿದಳು. ಹಬ್ಬುವಾಡದ ಒಂದು ಮನೆಯ ಮಾಳಿಗೆಯಲ್ಲಿ ದೇವಿದಾಸ ಅನ್ನುವ ಪಾಸ್ಟರ್ ಪ್ರಾರ್ಥನೆ ನಡೆಸ್ತಾರಂತೆ. ನನಗೆ ಆಗಲೇ ಸಂಶಯ. ಗಂಡ ಇಲ್ಲದವಳು ಅಂತ ನೋಡಿಯೇ ಬಲೆ ಬೀಸಿದ್ದಾರೆ ಅಂದುಕೊಂಡೆ.

ಒಂದು ದಿನ ಅಂಗಳದಲ್ಲಿ ಮೀನು ಒಣಹಾಕುತ್ತ ಅವಳು ಏನೇನೋ ಹೇಳ್ತಾ ಇದ್ದಳು. ಕೊಂಕಣಿ ಅಲ್ಲ, ಕನ್ನಡ ಅಲ್ಲ, ಮರಾಠಿಯೂ ಅಲ್ಲ.

"ಎಂತದೇ ಅದು?"

"ಅನ್ಯಭಾಷೆ, ಅತ್ತಿಗೆ. ಪ್ರಾರ್ಥನೆ ಮಾಡುವಾಗ ಬರ್ತದೆ."

"ಯಾರು ಕಲಿಸಿದ್ದು?"

"ಯಾರೂ ಇಲ್ಲ. ಅದೇ ಬರ್ತದೆ."

ನಾಟಕ! ಇದ್ದ ಭಾಷೆಯಲ್ಲೇ ನಾಲ್ಕು ಮಾತಾಡದವಳಿಗೆ ಇದೊಂದು ಕೇಡು ಅಂತ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದೆ.

ಆದರೂ ಮನಸ್ಸು ಕೇಳಬೇಕಲ್ಲ. ನಮ್ಮಲ್ಲಿ ಯಾರದಾದರೂ ಮೈಮೇಲೆ ದೇವರ ಭಾರ ಬಂದರೆ, ಮುಂದೆ ತೆಂಗಿನಕಾಯಿ ಇಟ್ಟು ಪ್ರಶ್ನೆ ಕೇಳ್ತೇವೆ. ದೇವರು ಉತ್ತರ ಕೊಡಲೇಬೇಕು. ಇದೂ ಅಂತದೇ ಯಾವುದೋ ಭಾರ ಇರಬೇಕು, ಸುಳ್ಳೋ ನಿಜವೋ ಕೇಳಿಯೇಬಿಡುವ ಅಂತ ನವೆಂಬರಿನ ಒಂದು ಭಾನುವಾರ ಕಾಯಿ, ಅಬ್ಬಲಿಗೆ ಹೂವು ಹಿಡಿದು ಅವಳ ಹಿಂದೆಯೇ ಹೊರಟೆ.

ಬಾಗಿಲಲ್ಲೇ ಪಾಸ್ಟರ್ ತಡೆದರು. "ಅಕ್ಕಾ, ಇಲ್ಲಿ ಕಾಯಿ ಇಡೂದಿಲ್ಲ."

"ಇಡದೆ ಉತ್ತರ ಹೆಂಗೆ ಬರ್ತದೆ?" ಅಂದೆ. ಯಾರೋ ನಕ್ಕರು. ಮೈಯೆಲ್ಲ ಉರಿಯಿತು.

ಹಾಡು ಮುಗಿದು ಎಲ್ಲರೂ ಎದ್ದು ನಿಂತು ಕಲಾವತಿಯ ಹಾಗೆಯೇ ಏನೇನೋ ಗೊಣಗತೊಡಗಿದರು. ಕೆಲವರು ಕೂಗಿದರು. ನಾನು ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿದೆ. ಪಕ್ಕದವರು ಜೋರು ಮಾಡಿದರೆ ಇವರೂ ಜೋರು ಮಾಡ್ತಿದ್ದರು. ಕಲಾವತಿ ಮಾತ್ರ ಮೂಲೆಯಲ್ಲಿ ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ ಹೇಳ್ತಾ ಇದ್ದಳು. ನಾನು ನುಗ್ಗಿ ಹೋಗಿ ಅವಳ ಕಾಲ ಬಳಿ ಕಾಯಿ ಇಟ್ಟೇಬಿಟ್ಟೆ.

"ನಮ್ಮ ದತ್ತಾ ಇದ್ದಾನೋ ಇಲ್ಲವೋ? ಹೇಳು!"

ಪಾಸ್ಟರ್ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. "ಈ ಸಹೋದರಿ ಆಡಿದ ಭಾಷೆಯ ಅರ್ಥ ದೇವರು ನನಗೆ ತಿಳಿಸಿದ್ದಾನೆ. ನಿಮ್ಮ ತಮ್ಮ ಬದುಕಿದ್ದಾನೆ. ಕ್ರಿಸ್‌ಮಸ್ಸಿಗೆ ಮೊದಲು ಮನೆಗೆ ಬರ್ತಾನೆ."

ಅಯ್ಯೋ ದೇವರೇ! ಅಷ್ಟು ಸಂಶಯದವಳು ನಾನು, ದೊಪ್ಪಂತ ಅವರ ಕಾಲಿಗೆ ಬಿದ್ದೆ.

ಕಲಾವತಿ ಕಣ್ಣು ಬಿಟ್ಟಳು. "ಇಲ್ಲ, ಪಾಸ್ಟರ್. ಅದರಲ್ಲಿ ಅವರ ಸುದ್ದಿ ಇಲ್ಲ."

"ಅರ್ಥ ಹೇಳುವ ವರ ನಿನ್ನದಲ್ಲ, ಸಹೋದರಿ."

"ಇರಲಿ. ಅವರನ್ನು ನೆನೆಸಿಕೊಂಡ್ರೆ ನಂಗೆ ಮಾತೇ ಹೊರಡೂದಿಲ್ಲ. ಆಗ ಇದು ಬರ್ತದೆ. ಒಲೆ ಮುಂದೆ ಕೂತಾಗಲೂ ಇದೇ ಬರ್ತದೆ. ನಾನು ದೇವರ ಹತ್ತಿರ ಅಳೂದು, ಅಷ್ಟೇ. ಅತ್ತಿಗೆಗೆ ಇಲ್ಲದ ಆಸೆ ಹುಟ್ಟಿಸಬೇಡಿ."

ಪಾಸ್ಟರ್ ಮುಖ ಬಿಗಿಯಿತು. ಅವಳು ಅತ್ತ ನೋಡಲೂ ಇಲ್ಲ, ನನ್ನನ್ನು ಹಿಡಿದೆತ್ತಿ ಹೊರಗೆ ಕರೆತಂದಳು. ಮೆಟ್ಟಿಲ ಮೇಲೆ ನಿಂತು, ಚೊಕ್ಕ ಕೊಂಕಣಿಯಲ್ಲಿ, "ಅತ್ತಿಗೆ, ಅವರು ಬರೂದಿಲ್ಲ. ಕಾರ್ಯ ಮಾಡಿಬಿಡುವ" ಅಂದಳು.

ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿದೆ. "ಎರಡು ತಿಂಗಳಿಂದ ನಾಟಕ ಅಂತ ನಿನ್ನ ಬೈದೆನಲ್ಲೇ! ಇವತ್ತೊಂದು ದಿನ ನಾಟಕ ಮಾಡಬಾರದಾಗಿತ್ತೇನೇ?"