ಕಿಲ್ಕೆನ್ನಿಯಲ್ಲಿ ಇಳಿಯದವನು

ಕಳೆದ ಶನಿವಾರ ನಾನು ಕೂತಿದ್ದ ರೈಲು ಹಿಂದಕ್ಕೆ ಹೊರಟಿತು. ನನಗೆ ಖುಷಿಯಾಯಿತು.

ರೈಲು ಹಿಂದಕ್ಕೆ ಹೋದರೆ ಯಾರಿಗಾದರೂ ಖುಷಿಯಾಗುತ್ತದೆಯೇ? ಆಗುತ್ತದೆ, ಅದು ಇಳಿದರೆ ಯಾರ ಮುಖ ನೋಡಬೇಕು ಎಂಬುದರ ಮೇಲಿದೆ.

ನಾನು ನೋಡಬೇಕಿದ್ದುದು ತಂಗಿ ಸುಮಾಳ ಮುಖ. ಅವಳು ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ನರ್ಸ್. ಒಂದು ರೂಮಿನ ಮನೆ, ಒಬ್ಬಳೇ. ನಾನು ಡಬ್ಲಿನ್ ಪಕ್ಕದ ಲೂಕನ್‌ನಲ್ಲಿ ಹೆಂಡತಿ, ಮಗಳ ಜೊತೆ ಇದ್ದೇನೆ. ಹೋಟೆಲ್ ಅಡುಗೆಯವನು. (ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಂಕಣವನ್ನು ಇಷ್ಟು ದಿನ ಸಹಿಸಿಕೊಂಡಿದ್ದೀರಿ. ಇವತ್ತಿನದನ್ನೂ ಸಹಿಸಿಕೊಳ್ಳಿ.)

ಜನವರಿಯಲ್ಲಿ ಸುಮಾಗೆ ಕೊರೊನಾ ಬಂತು. ಐಸೊಲೇಷನ್ ಮುಗಿದ ಮೇಲೆ ಫೋನ್ ಮಾಡಿದಳು.

"ಅಣ್ಣಾ, ವಾಸಿಯಾಯ್ತು. ಇಲ್ಲಿ ಮಾತಾಡೋಕೂ ಯಾರಿಲ್ಲ. ಒಂದು ವಾರ ನಿಮ್ಮನೇಗೆ ಬಂದು ನಿನ್ ಕೈಯಡುಗೆ ತಿಂದ್ಕೊಂಡು ಹೋಗ್ಲಾ?"

"ಐದು ಕಿಲೋಮೀಟರ್ ರೂಲ್ ಇದೆಯಲ್ಲಮ್ಮ. ಪೊಲೀಸ್ರು ಹಿಡೀತಾರೆ" ಎಂದೆ.

ಆಗ ಮನೆಯಿಂದ ಐದು ಕಿಲೋಮೀಟರ್ ಆಚೆ ಸುಮ್ಮನೆ ಹೋಗುವಂತಿರಲಿಲ್ಲ. ನಿಜ. ಆದರೆ ಒಬ್ಬರೇ ಇರುವವರು ಇನ್ನೊಂದು ಮನೆಯನ್ನು ತಮ್ಮದೆಂದು ಆರಿಸಿಕೊಂಡು, ಎಷ್ಟೇ ದೂರವಿದ್ದರೂ ಹೋಗಿ ಬರಬಹುದಿತ್ತು. ಅದಕ್ಕೆ 'ಬಬಲ್' ಎನ್ನುತ್ತಿದ್ದರು. ಅದೂ ನಿಜ.

ನನಗದು ಗೊತ್ತಿರಲಿಲ್ಲವೇ? ಪಕ್ಕದಲ್ಲೇ ಕೂತಿದ್ದ ಎಂಟು ವರ್ಷದ ಮಗಳು ಐರಿಶ್ ರಾಗದಲ್ಲಿ ಕೂಗಿದಳು: "ಅಪ್ಪಾ, ಅತ್ತೆ ಕ್ಯಾನ್ ಬಿ ಇನ್ ಅವರ್ ಬಬಲ್!" ಫೋನಿಗೆ ಅಂಗೈ ಅಡ್ಡ ಹಿಡಿದು ಅವಳನ್ನು ಗದರಿದೆ.

ಹೆದರಿಕೆ. ಬೇರೇನಲ್ಲ. ಕೊರೊನಾ ಬಂದವಳು ನನ್ನ ಮನೆಯೊಳಗೆ ಬರುವುದು ನನಗೆ ಬೇಕಿರಲಿಲ್ಲ.

"ಹೌದಲ್ವಾ, ರೂಲ್ ಇದೆ" ಎಂದು ಸುಮಾ ಫೋನ್ ಇಟ್ಟಳು.

ಮೇ ತಿಂಗಳಲ್ಲಿ ನಿರ್ಬಂಧ ತೆಗೆದರು. ನನ್ನ ನೆಪವೂ ಮುಗಿಯಿತು. ಬರುತ್ತೇನೆಂದು ಸುಮಾಗೆ ತಿಳಿಸಿ, ನುಚ್ಚಿನುಂಡೆ ಬೇಯಿಸಿ ಡಬ್ಬಿಗೆ ತುಂಬಿ, ಒಬ್ಬನೇ ಬೆಳಗಿನ ರೈಲು ಹತ್ತಿದೆ. ಹೇಳಬೇಕಿದ್ದ ಮಾತು ಹಾಗಿತ್ತು, ಜೊತೆಗೆ ಯಾರನ್ನೂ ಕರೆದೊಯ್ಯುವಂತಿರಲಿಲ್ಲ.

ಆರು ವರ್ಷ ಇಲ್ಲಿದ್ದೂ ಊರು ಬಿಟ್ಟು ರೈಲಿನಲ್ಲಿ ಹೋಗಿದ್ದು ಅದೇ ಮೊದಲು. ಕಿಟಕಿಗೆ ಮೂಗು ಒತ್ತಿ ಕೂತೆ. (ಮಾಸ್ಕ್ ಒತ್ತಿ ಎನ್ನಬೇಕು.) ಪಕ್ಕದ ಸೀಟಿನ ಮೇಲೆ 'ಇಲ್ಲಿ ಕೂರಬೇಡಿ' ಎಂಬ ಸ್ಟಿಕ್ಕರ್. ಟೀ ಮಾರುವವರೂ ಇಲ್ಲ. ಹೊರಗೆ ಕುರಿಗಳು. ಬೆನ್ನ ಮೇಲೆ ನೀಲಿ ಬಣ್ಣ, ಕೆಂಪು ಬಣ್ಣ. ಯಾಕೆ? ಯಾರ ಕುರಿ ಎಂದು ತಿಳಿಯಲೇ? ಎಷ್ಟು ಹಸಿರು ಹೊಲ! ಕೆಲಸ ಮಾಡುವ ಮನುಷ್ಯರೆಲ್ಲಿ? ಒಂದೂರಿನ ಹೆಸರು ಓದಿ ಮುಗಿಸುವಷ್ಟರಲ್ಲಿ ಇನ್ನೊಂದೂರು. ಒಂದೂವರೆ ಗಂಟೆಯ ಪ್ರಯಾಣ, ಕಿಲ್ಕೆನ್ನಿ ಬಂದೇಬಿಟ್ಟಿತು.

ಇಷ್ಟು ಹತ್ತಿರವಿದ್ದಳೇ ನನ್ನ ತಂಗಿ?

ಪ್ಲಾಟ್‌ಫಾರಂನಲ್ಲಿ ನಿಂತಿದ್ದಳು. ಸೊರಗಿದ್ದಳು. ಒಂದೊಂದೇ ಬೋಗಿಯ ಬಾಗಿಲು ನೋಡುತ್ತಿದ್ದಳು. ನಾನು ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ಕೂತೇ ಇದ್ದೆ. ಏಳು, ಏಳು ಎಂದುಕೊಂಡೆ. ಏಳಲಿಲ್ಲ. ಬಾಗಿಲು ಮುಚ್ಚಿತು. ರೈಲು ಬಂದ ದಿಕ್ಕಿಗೇ ತಿರುಗಿ ಹೊರಟಿತು.

ಸದ್ಯ, ಡಬ್ಲಿನ್ನಿಗೆ ವಾಪಸ್ಸು!

"ಡಬ್ಲಿನ್ ಎಷ್ಟು ಹೊತ್ತಿಗೆ?" ಎಂದು ಎದುರು ಸಾಲಿನ ಅಜ್ಜನನ್ನು ಕೇಳಿದೆ. ಅವರು ಜೋರಾಗಿ ನಕ್ಕರು. ಇದು ವಾಟರ್‌ಫೋರ್ಡಿಗೆ ಹೋಗುವ ರೈಲಂತೆ. ಕಿಲ್ಕೆನ್ನಿಯಲ್ಲಿ ಹಳಿ ಮುಗಿಯುತ್ತದಂತೆ. ಡ್ರೈವರ್ ಇಳಿದು ಇನ್ನೊಂದು ತುದಿಗೆ ನಡೆದು ಹೋಗಿ ಕೂರುತ್ತಾನಂತೆ. ಸ್ವಲ್ಪ ದೂರ ಬಂದ ದಾರಿ, ಆಮೇಲೆ ಬೇರೆ ದಾರಿ.

"ಯು ಆರ್ ಗ್ರ್ಯಾಂಡ್" ಎಂದು ಸಮಾಧಾನವನ್ನೂ ಹೇಳಿದರು. (ಇಲ್ಲಿ ಕಾಲು ಮುರಿದರೂ ಗ್ರ್ಯಾಂಡ್, ಕೆಲಸ ಹೋದರೂ ಗ್ರ್ಯಾಂಡ್.)

ಮುಂದಿನ ಸ್ಟೇಷನ್ ಥಾಮಸ್‌ಟೌನ್. ಸಣ್ಣ ಊರು. ಇಳಿದು ಫೋನ್ ಮಾಡಿದೆ.

"ಅಲ್ಲೇ ಇರು. ಕಾರಲ್ಲಿ ಬರ್ತೀನಿ. ಮತ್ತೆ ಯಾವ ರೈಲೂ ಹತ್ಬೇಡ ಪುಣ್ಯಾತ್ಮ!" ಎಂದಳು.

ಅರ್ಧ ಗಂಟೆಯಲ್ಲಿ ಬಂದಳು. ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ನಾನು. ನಡುವೆ ಡಬ್ಬಿ.

"ನಿದ್ದೆ ಬಂದಿತ್ತಾ?" ಎಂದಳು.

ನೆಪವನ್ನು ಅವಳೇ ತಂದು ಕೈಗಿಟ್ಟಿದ್ದಳು. ತಗೊಂಡುಬಿಡಬಹುದಿತ್ತು.

"ಇಲ್ಲಮ್ಮ. ನಿನ್ನ ನೋಡ್ದೆ. ಇಳಿಯೋಕೆ ಹೆದರಿಕೆ ಆಯ್ತು. ಆವತ್ತೂ ಹೆದರಿಕೇನೇ. ಪೊಲೀಸ್ರೂ ಇಲ್ಲ, ಏನೂ ಇಲ್ಲ. ಬಬಲ್ ವಿಷ್ಯ ನಂಗೆ ಗೊತ್ತಿತ್ತು."

ಸುಮಾ ಮಾಸ್ಕ್ ಇಳಿಸಿದಳು. ಡಬ್ಬಿ ತೆರೆದು ಒಂದು ನುಚ್ಚಿನುಂಡೆ ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

"ಉಪ್ಪು ಕಮ್ಮಿ. ಹೋಟ್ಲಲ್ಲೂ ಹಿಂಗೇ ಹಾಕ್ತೀಯಾ?" ಎಂದಳು. ಇನ್ನೊಂದು ತುಂಡು ತೆಗೆದುಕೊಂಡು, ಹಳಿಯ ಕಡೆ ನೋಡುತ್ತ ಹೇಳಿದಳು: "ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು ಅಣ್ಣಾ. ಆವತ್ತು ಪುಟ್ಟಿ ಕೂಗಿದ್ದು, ನೀನು ಗದರಿದ್ದು ಎಲ್ಲಾ ಕೇಳಿಸ್ತಲ್ಲ."

ಅಂಗೈ ಅಡ್ಡ ಹಿಡಿದರೆ ಆ ಕಡೆಯವರಿಗೆ ಏನೂ ಕೇಳಿಸುವುದಿಲ್ಲ ಎಂದು ನಮಗೆ ಹೇಳಿಕೊಟ್ಟವರು ಯಾರು?