ಗಾಳಿಮನೆ ಬಾಡಿಗೆಗಿದೆ

ನಗಬೇಡಿ, ಒಂದು ನಿಜ ಹೇಳ್ತೀನಿ. ಮಕ್ಕಳೆಲ್ಲ ಊಟಕ್ಕೆ ಓಡಿದ್ಮೇಲೆ ನಾನು ಚಪ್ಪಲಿ ಬಿಟ್ಟು ಜಂಪಿಂಗ್ ಮನೆ ಒಳಗೆ ಹೋಗಿ ನಾಲ್ಕು ಸಲ ಕುಣೀತೀನಿ. ವಯಸ್ಸು ನಲವತ್ತಾರು, ತೂಕ ಕೇಳ್ಬೇಡಿ. ನಂಜನಗೂಡಲ್ಲಿ ಗಾಳಿ ತುಂಬೋ ಮನೆ, ಗಾಳಿ ತುಂಬೋ ಕಮಾನು ಬಾಡಿಗೆಗೆ ಕೊಡೋದು ನನ್ನ ಕಸುಬು. ನಮ್ಮೆಜಮಾನ್ರು ಶುರು ಮಾಡಿದ್ದು. ಅವ್ರು ಹೋಗಿ ನಾಲ್ಕು ವರ್ಷ ಆಯ್ತು, ನಾನು ಬಿಟ್ಟಿಲ್ಲ.

ಗಾಳಿ ಅಂತ ಸದರ ಮಾಡ್ಬೇಡಿ ಕಣ್ರೀ. ಪಾಯ ಬೇಡ, ವಾಸ್ತು ಬೇಡ, ಮೇಸ್ತ್ರಿ ಕಾಲು ಹಿಡಿಯೋದು ಬೇಡ. ಮೂಟೆ ಬಿಚ್ಚಿ ಸ್ವಿಚ್ ಹಾಕಿದ್ರೆ ಐದು ನಿಮಿಷಕ್ಕೆ ಮನೆ. ಕಪಿಲೆ ಉಕ್ಕಿ ಬೀದಿಗೆ ಬಂದಾಗ ಜನಾನ ದಾಟಿಸೋ ದೋಣೀನೂ ಗಾಳೀದೇ. ನಮ್ಮೆಜಮಾನ್ರ ಬೆನ್ನು ಹುಣ್ಣಾಗದಂಗೆ ಕೊನೆ ಮೂರು ತಿಂಗ್ಳು ಹೊತ್ಕೊಂಡಿದ್ದೂ ಗಾಳಿ ಹಾಸಿಗೇನೇ. ಅದರ ಪಂಪು ದಿನವೆಲ್ಲ ಗುಂಯ್ ಅನ್ನೋದು. ಈಗ ಮನೇಲಿ ಆ ಸದ್ದಿಲ್ಲ. ಸುಮ್ನೆ ಫ್ಯಾನ್ ಹಾಕ್ಕೊಂಡು ಕೂತ್ಕೋತೀನಿ, ಚಳೀಲೂ.

ಹೋದ ತಿಂಗ್ಳು ಟಿ. ನರಸೀಪುರದಲ್ಲಿ ನನ್ನ ತಮ್ಮನ ಮಗೂಗೆ ನಾಮಕರಣ. ಕಿವೀಲಿ ಹೆಸರು ಹೇಳೋದು ಸೋದರತ್ತೆ ಹಕ್ಕು, ಇರೋಳು ನಾನೊಬ್ಳೇ. ತಮ್ಮ ಫೋನ್ ಮಾಡ್ದ: "ಅಕ್ಕ, ಕಮಾನು ತರ್ತೀಯ ತಾನೆ?" ಹೆಸರಿನ ಮಾತೇ ಇಲ್ಲ. ಹೋದ್ಮೇಲೆ ಗೊತ್ತಾಯ್ತು. ಮುತ್ತೈದೇನೇ ಹೇಳ್ಬೇಕು ಅಂತ ಅವನ ಅತ್ತೆ ಹಟ ಹಿಡಿದು, ದೂರದ ನೆಂಟಳೊಬ್ಬಳನ್ನ ಗೊತ್ತು ಮಾಡಿದ್ರಂತೆ. ಗಂಡ ಸತ್ತೋಳು ತೊಟ್ಲ ಹತ್ರ ಬರಬಾರ್ದು, ಅವಳ ಕಮಾನಿನ ಕೆಳಗೆ ಮಾತ್ರ ಊರೋರೆಲ್ಲ ನುಗ್ಗಬೌದು! ಗೇಟಿಗೆ ಕಮಾನು ನಿಲ್ಸಿ, ಅದಕ್ಕೆ ಗಾಳಿ ಊದೋ ಬ್ಲೋವರ್ ಪಕ್ಕ ಕುರ್ಚಿ ಹಾಕ್ಕೊಂಡು ಕೂತೆ.

ಆಮೇಲೆ ಆ ಅತ್ತೆಯಮ್ಮ ಮಾವಿನ ಸೊಪ್ಪು ತಂದು ಕಮಾನಿಗೆ ಸೇಫ್ಟಿ ಪಿನ್ನಲ್ಲಿ ಚುಚ್ಚೋಕೆ ಶುರು ಮಾಡಿದ್ರು.

"ಅಯ್ಯೋ, ಅದರೊಳಗೆ ಇರೋದು ಗಾಳಿ ಕಣಮ್ಮ!"

"ತೋರಣ ಇಲ್ದಿರೋ ಬಾಗ್ಲು ಒಂದು ಬಾಗ್ಲೇನವ್ವ?" ಅಂತ ಹನ್ನೆರಡನೇ ಪಿನ್ನೂ ಚುಚ್ಚಿದ್ರು.

ಬಿತ್ತು ಅಂದ್ಕೊಂಡ್ರಾ? ಬೀಳಲ್ಲ. ಇದರ ಹೊಲಿಗೇಲೆಲ್ಲ ಮೊದ್ಲಿಂದ್ಲೂ ತೂತೇ. ಗಾಳಿ ಹೋಗ್ತಾನೇ ಇರುತ್ತೆ, ಬ್ಲೋವರ್ ತುಂಬ್ತಾನೇ ಇರುತ್ತೆ. ನಂದೂ ಹೆಚ್ಚುಕಮ್ಮಿ ಅದೇ ಯಂತ್ರ.

ಒಳಗೆ ಹೆಸರಿಟ್ಟಿದ್ದು ಚಪ್ಪಾಳೆಯಿಂದ ಗೊತ್ತಾಯ್ತು. ಏನು ಹೆಸರೋ, ಬ್ಲೋವರ್ ಸದ್ದಲ್ಲಿ ಕೇಳಿಸ್ಲಿಲ್ಲ. ಸ್ವಲ್ಪ ಹೊತ್ತಿಗೆ ತಮ್ಮನ ಹೆಂಡ್ತಿ ಮಗು ಎತ್ಕೊಂಡು ಆಚೆ ಬಂದು ನನ್ನ ತೊಡೆ ಮೇಲೆ ಮಲಗಿಸಿದ್ಲು. "ಅತ್ಗೆ, ಅವ್ರು ಹೇಳಿದ್ದು ಹೇಳಿದ್ರು. ಈಗ ನೀವು ಹೇಳಿ. ಚೈತ್ರ ಅಂತ."

ಕಿವಿ ಹತ್ರ ಬಾಯಿಟ್ಟೆ. ಆ ಸದ್ದಲ್ಲಿ ಇಷ್ಟುದ್ದ ಕೂಸಿಗೆ ಏನು ಕೇಳುತ್ತೆ? ಕೈ ಚಾಚಿ ಸ್ವಿಚ್ ಆರಿಸಿದೆ. ಮೂರು ಸಲ ಹೇಳ್ದೆ, ಆತುರ ಇಲ್ದೆ.

ಕಮಾನು ಮೆಲ್ಲಗೆ ಇಳೀತಾ ಬಂತು. ಊಟಕ್ಕೆ ಬರ್ತಿದ್ದೋರೆಲ್ಲ ಗೇಟಲ್ಲೇ ನಿಂತ್ರು. ತಮ್ಮ ಓಡಿ ಬಂದ. "ಅಕ್ಕ! ಜನ ಒಳಗೆ ಹೆಂಗ್ ಬರೋದು?"

"ಬಗ್ಗಿ ಬರ್ಲಿ ಕಣೋ," ಅಂದೆ.