ಧರೆಯ ಮೇಲೆ ತೋಡಿದ ತೊಟ್ಟಿಲು ಗುಂಡಿಗಳು

ಎಂಬತ್ತರ ದಶಕದ ಆರಂಭದಲ್ಲಿ ನಾನು ಬಣಕಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ-ಹಾಜರಿ ಬರೆಯುವ ರೈಟರ್ ಆಗಿದ್ದೆ. ವಾರವೆಲ್ಲ ಸಾಹುಕಾರರ ಮಾತು ಕೇಳುವವನು ಭಾನುವಾರ ಮಾತ್ರ ಹತ್ತು-ಹನ್ನೆರಡು ಜನರ ಮೇಸ್ತ್ರಿ. ಸಂಬಳವಿಲ್ಲದ ಮೇಸ್ತ್ರಿ. ಬಟ್ಟೆ ಅಂಗಡಿಯವರು, ದರ್ಜಿ, ಶಾಲೆಯ ಮೇಷ್ಟ್ರು, ಹೀಗೆ ರಜೆಯ ದಿನ ಕಾಡು-ಮಣ್ಣು ಉಳಿಸಲೆಂದು ಬರುವವರ ತಂಡ ನಮ್ಮದು. ಕಾಡಿಗೆ ಬೆಂಕಿ ಹರಡದಿರಲೆಂದು ಒಣಹುಲ್ಲು ಸವರುತ್ತಿದ್ದೆವು, ಗಿಡ ನೆಡುತ್ತಿದ್ದೆವು. ನನ್ನ ದನಿ ಜೋರು, ಕೋಪ ಮೂಗಿನ ತುದಿಯಲ್ಲೇ. ತಡವಾಗಿ ಬಂದರೆ ಮೇಷ್ಟ್ರೆಂದೂ ನೋಡದೆ ಬೈಯುತ್ತಿದ್ದೆ. ಆದರೂ ಮುಂದಿನ ವಾರ ಎಲ್ಲರೂ ಬರುತ್ತಿದ್ದರು. ತಂಡ ನಡೆಸುವುದು ನನಗೆ ಗೊತ್ತಿತ್ತು. ಹಾಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಒಂದು ಬೇಸಿಗೆ ರಸ್ತೆ ಬದಿಯ ಬೋಳುಗುಡ್ಡದ ಕೆಲಸ ಹಿಡಿದೆವು. ಮರ ಕಡಿದಿದ್ದರಿಂದ ಮಳೆಗಾಲದಲ್ಲಿ ಅದರ ಮಣ್ಣೆಲ್ಲ ಕೊರಕಲಿನಲ್ಲಿ ಹರಿದು ಹಳ್ಳ ಸೇರುತ್ತಿತ್ತು. ನಾನು ಎಸ್ಟೇಟಿನ ಉಪಾಯವನ್ನೇ ತಂದೆ. ಕಾಫಿ ಗಿಡಗಳ ಸಾಲಿನ ನಡುವೆ ಉದ್ದುದ್ದ ತೊಟ್ಟಿಲು ಗುಂಡಿ ತೆಗೆಯುತ್ತೇವೆ. ಮಳೆನೀರು ಅದರಲ್ಲಿ ನಿಂತು ಇಂಗುತ್ತದೆ, ಮಣ್ಣು ಕೊಚ್ಚಿಹೋಗುವುದಿಲ್ಲ. ಅದನ್ನೇ ಗುಡ್ಡದ ಮೈತುಂಬ ತೋಡಿಸಿ, ಕೊರಕಲಿಗೆ ಅಡ್ಡಲಾಗಿ ಕಲ್ಲು ಕಟ್ಟಿಸಿದೆ. ಪೇಟೆಯವರು ನಮ್ಮನ್ನು ಬೆಟ್ಟ ಅಗೆದು ಇಲಿ ಹಿಡಿಯುವವರು ಎಂದು ಆಡಿಕೊಂಡರು. ಆಡಿಕೊಳ್ಳಲಿ ಎಂದೆ.

ಗುಡ್ಡದ ಬುಡದಲ್ಲಿ, ಮಣ್ಣಿನ ಗೋಡೆಯಂತೆ ಕಡಿದಾಗಿ ನಿಂತ ಧರೆಗೆ ಒತ್ತಿಕೊಂಡು, ಜೀಪು ರಿಪೇರಿ ಮಾಡುವ ಮುಸ್ಲಿಂ ಹಿರಿಯರೊಬ್ಬರ ಮನೆಯಿತ್ತು. ಮಾತು ಕಡಿಮೆ. ಪ್ರತಿ ಭಾನುವಾರ ನಮಗೆಲ್ಲ ಚಹಾ ಅವರ ಮನೆಯಿಂದಲೇ. ಒಂದು ದಿನ ಅವರು ಗುಂಡಿಗಳ ನಡುವೆ ಓಡಾಡಿ ನೋಡಿ ನನ್ನ ಹತ್ತಿರ ಬಂದರು.

“ತೋಟದಲ್ಲಿ ಮರದ ಬೇರು ಮಣ್ಣು ಹಿಡ್ಕೊಂಡಿರುತ್ತೆ ಮಾರಾಯ್ರೆ. ಇಲ್ಲಿ ಇಷ್ಟು ನೀರು ಕುಡಿದ್ರೆ ಧರೆ ನಿಲ್ಲುತ್ತಾ?”

“ಜೀಪು ನೀವು ನೋಡ್ಕೊಳ್ಳಿ, ಮಣ್ಣು ನಾನು ನೋಡ್ಕೋತೀನಿ. ಏನೂ ಆಗಲ್ಲ,” ಎಂದೆ. ತಂಡದವರು ನಕ್ಕರು. ಅವರೂ ನಕ್ಕು ಕೆಳಗಿಳಿದರು.

ಪುನರ್ವಸು ಮಳೆ ಹಿಡಿದ ಐದನೇ ದಿನ ಬೆಳಿಗ್ಗೆ ಅವರು ನೆನೆದುಕೊಂಡೇ ಎಸ್ಟೇಟಿಗೆ ಬಂದರು. ಬೈಯಲಿಲ್ಲ, ಒಮ್ಮೆ ಬಂದು ನೋಡಿ ಎಂದರಷ್ಟೆ. ಹೋಗಿ ನೋಡಿದರೆ ಗುಂಡಿಗಳೆಲ್ಲ ತುಂಬಿ ತುಳುಕುತ್ತಿದ್ದವು. ಅವರ ಮನೆಯ ನೇರಕ್ಕೆ, ಧರೆಯ ಮೇಲೆ, ಅಂಗೈ ಅಗಲದ ಬಿರುಕು. ಹೆದರಿಬಿಟ್ಟೆ. ಮನೆಯವರನ್ನೆಲ್ಲ ರಸ್ತೆಯಾಚೆಯ ಜೀಪಿನ ಶೆಡ್ಡಿಗೆ ಸಾಗಿಸಿ, ತಂಡಕ್ಕೆ ಹೇಳಿಕಳುಹಿಸಿದೆ. ಅಂಗಡಿ ಬಾಗಿಲು ಎಳೆದು, ಹೊಲಿಗೆ ಬಿಟ್ಟು ಓಡಿಬಂದರು.

ಕೆಲಸ ಏನೆಂದು ಕೇಳಿ ಮೇಷ್ಟ್ರ ಮುಖ ಸಣ್ಣದಾಯಿತು. ಕೊರಕಲಿಗೆ ಕಟ್ಟಿದ ಕಲ್ಲು ಕೀಳಬೇಕು. ಗುಂಡಿಯಿಂದ ಗುಂಡಿಗೆ ಚರಂಡಿ ಕಡಿದು, ನೀರನ್ನೆಲ್ಲ ಅಡ್ಡಕ್ಕೆ ಅದೇ ಕೊರಕಲಿಗೆ ಬಿಡಬೇಕು. ಮೂರು ತಿಂಗಳ ಭಾನುವಾರಗಳನ್ನು ನಮ್ಮ ಕೈಯಿಂದಲೇ ಕೆಡಿಸಬೇಕು.

“ತಪ್ಪು ನಂದು. ಬೈಯೋದಿದ್ರೆ ಆಮೇಲೆ ಬೈರಿ, ಈಗ ಗುದ್ದಲಿ ಹಿಡೀರಿ,” ಎಂದು ಮೊದಲ ಕಲ್ಲು ನಾನೇ ಕಿತ್ತೆ. ಬಿರುಕಿನ ಹತ್ತಿರ ಯಾರನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೀರು ಕೊರಕಲಿಗೆ ತಿರುಗಿತು. ಅಷ್ಟು ಚೆನ್ನಾಗಿ ನಾನು ತಂಡವನ್ನು ಮತ್ತೆಂದೂ ನಡೆಸಿಲ್ಲ.

ಆದರೂ ಸಂಜೆಗೆ ಮುಂಚೆ ಧರೆಯ ಒಂದು ಪಾಲು ಕುಸಿದೇ ಕುಸಿಯಿತು. ಹಿಂದಿನ ಕೋಣೆಯ ಗೋಡೆ ಒಳಕ್ಕೆ ಮಲಗಿತು. ಉಳಿದ ಮನೆ ನಿಂತಿತು, ಯಾರಿಗೂ ಏನೂ ಆಗಲಿಲ್ಲ.

ಮರುದಿನ ಮಣ್ಣು ತೆಗೆಯಲು ಹೋದೆವು. ಆ ಕೋಣೆಯ ಮಣ್ಣಿನಡಿಯಿಂದ ಎರಡು ಚಾಪೆ, ಸಣ್ಣದೊಂದು ಕಂಬಳಿ ಬಂದವು. ಅವನ್ನು ಹಿಡಿದುಕೊಂಡೇ ಅವರ ಬಳಿ ಹೋಗಿ, ಅವತ್ತು ನಿಮ್ಮ ಮಾತು ಕೇಳಬೇಕಿತ್ತು ಎಂದೆ. ಅವರು ಕಂಬಳಿಯ ಮಣ್ಣು ಕೊಡವಿದರು.

“ಮಕ್ಕಳನ್ನ ಆ ಕೋಣೇಲಿ ಮಲಗಿಸೋದು ಬೇಡ ಅಂತ ಮನೆಯವ್ಳು ಮಳೆ ಹಿಡಿದಾಗಿಂದ ಹೇಳ್ತಾನೇ ಇದ್ಲು. ರೈಟರು ಏನೂ ಆಗಲ್ಲ ಅಂದಿದಾರೆ ಅಂತ ನಾನೇ ಅಲ್ಲಿ ಮಲಗಿಸ್ತಿದ್ದೆ,” ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಆಗಲೂ ನನಗೆ ಗೌರವ ಕೊಟ್ಟೇ ಮಾತಾಡಿದರು.